ಎದುರಿಗೆ ಸರ್ಕಾರಿ ವಕೀಲರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಾತನ ಕಾಲದಿಂದ ಉಳುತ್ತಿರುವ ಜಮೀನಿನ ಒಂದು ಭಾಗ ಗೋಮಾಳ ಎಂದು ತಹಶೀಲ್ದಾರರು ಬೇಲಿ ತೆಗೆಸಲು ಹೊರಟಿದ್ದಾರೆ. ತಹಶೀಲ್ದಾರರಿಗೆ ನೋಟಿಸ್ ಕೊಟ್ಟು ಇಪ್ಪತ್ತು ದಿನಕ್ಕೇ ದಾವಾ ಹಾಕಿದೆವು. ಸರ್ಕಾರಿ ವಕೀಲರನ್ನು ಕಂಡು ಕಷ್ಟ ಹೇಳಿಕೊಳ್ಳಲು ಹೋದರೆ ಅವರು ಮಾತೇ ಆಡಲಿಲ್ಲ. ಈಗ ಏನು ದಾರಿ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಅವರು ಮಾತಾಡದಿದ್ದುದು ಸರಿಯೇ. ಸಿವಿಲ್ ದಾವಾದಲ್ಲಿ ಸರ್ಕಾರಿ ವಕೀಲರ ಕಕ್ಷಿದಾರ ಸರ್ಕಾರ. ನೀವು ಅವರ ಎದುರು ಪಕ್ಷ, ಅದೂ ವಕೀಲರನ್ನು ಇಟ್ಟುಕೊಂಡಿರುವ ಪಕ್ಷ. ಏನು ಹೇಳುವುದಿದ್ದರೂ ನಿಮ್ಮ ವಕೀಲರ ಮೂಲಕವೇ ಹೋಗಬೇಕು.

ನಿಜವಾದ ತೊಂದರೆ ನೋಟಿಸಿನಲ್ಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ಪ್ರಕಾರ ರಾಜ್ಯ ಸರ್ಕಾರದ ಮೇಲಿನ ದಾವಾಕ್ಕೆ ನೋಟಿಸ್ ಹೋಗಬೇಕಾದುದು ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ. ತಹಶೀಲ್ದಾರರ ಕೃತ್ಯವನ್ನೇ ಪ್ರಶ್ನಿಸುವುದಾದರೆ ಅವರಿಗೂ ಒಂದು ಪ್ರತಿ ಬೇಕು. ಮಂಡ್ಯದ ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆ ದಿನದಿಂದ ಪೂರ್ತಿ ಎರಡು ತಿಂಗಳು ಕಳೆಯಬೇಕು. ನೋಟಿಸಿನಲ್ಲಿ ನಿಮ್ಮ ಹೆಸರು, ವಿವರ, ವಾಸಸ್ಥಳ, ವ್ಯಾಜ್ಯಕ್ಕೆ ಕಾರಣ, ಕೇಳುವ ಪರಿಹಾರ ಇಷ್ಟೂ ಇರಬೇಕು. ನೋಟಿಸ್ ತಲುಪಿಸಿದ ಸಂಗತಿಯನ್ನು ವಾದಪತ್ರದಲ್ಲೂ ಬರೆಯಬೇಕು. ಬರವಣಿಗೆಯ ಸಣ್ಣಪುಟ್ಟ ದೋಷಕ್ಕೆ ದಾವಾ ವಜಾ ಆಗದು ಎಂದು ಅದೇ ಕಲಂ ಹೇಳುತ್ತದೆ. ಆದರೆ ಅವಧಿಗೆ ಮುನ್ನವೇ ಹಾಕಿದ ದಾವಾಕ್ಕೆ ಆ ರಕ್ಷಣೆ ಸಿಗುವುದಿಲ್ಲ. ಸರ್ಕಾರಿ ವಕೀಲರು ಮೊದಲು ಎತ್ತುವ ಆಕ್ಷೇಪವೇ ಇದು.

ಬೇಲಿ ನಾಳೆಯೇ ಹೋಗುವಂತಿದ್ದರೆ ಕಲಂ 80(2) ಇದೆ. ತುರ್ತು ಎಂದು ತೋರಿಸಿ, ನೋಟಿಸ್ ಇಲ್ಲದೆ ದಾವಾ ಹೂಡಲು ನ್ಯಾಯಾಲಯದ ಅನುಮತಿ ಕೇಳುವ ಪ್ರತ್ಯೇಕ ಅರ್ಜಿಯನ್ನು ದಾವಾದ ಜೊತೆಗೇ ಕೊಡಬೇಕು. ಆಗಲೂ ಸರ್ಕಾರದ ಮಾತು ಕೇಳದೆ ತಡೆಯಾಜ್ಞೆ ಸಿಗದು. ನೀವು ಆ ಅರ್ಜಿಯನ್ನೇ ಹಾಕಿಲ್ಲವಾದರೆ, ಹೊಸ ದಾವಾ ಹೂಡುವ ಸ್ವಾತಂತ್ರ್ಯವನ್ನು ಸ್ಪಷ್ಟವಾಗಿ ಕೇಳಿ ಈಗಿನದನ್ನು ಹಿಂಪಡೆಯುವುದು ಒಳ್ಳೆಯದು. ಆ ಅನುಮತಿ ಇಲ್ಲದೆ ಸುಮ್ಮನೆ ಹಿಂಪಡೆದರೆ ಅದೇ ವಿಷಯಕ್ಕೆ ಮತ್ತೆ ಬರಲಾಗದು. ನೋಟಿಸಿನ ಎರಡು ತಿಂಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ, ಗಾಬರಿ ಬೇಡ.

ಇನ್ನು ಆಧಾರದ ಮಾತು. ಸರ್ಕಾರಿ ವಕೀಲರ ವಾದ ನಿಲ್ಲುವುದು ತಹಶೀಲ್ದಾರರು ಕಳಿಸುವ ಕಂಡಿಕೆವಾರು (ವಾದಪತ್ರದ ಒಂದೊಂದು ಪ್ಯಾರಾಕ್ಕೂ ಕೊಡುವ) ಉತ್ತರದ ಮೇಲೆ. ಅದರಲ್ಲಿ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಸರ್ವೆ ನಕ್ಷೆ ಇರುತ್ತವೆ. ನಿಮ್ಮ ಬಳಿ ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡಿ ಕೊಡುವ ಪತ್ರ), ಮಂಜೂರಾತಿ ಆದೇಶ ಅಥವಾ ಹಳೆಯ ಕ್ರಯಪತ್ರ ಇಲ್ಲದಿದ್ದರೆ ಬರೀ ‘ತಾತನ ಕಾಲದಿಂದ’ ಎಂಬುದು ಸಾಲದು. ಸರ್ಕಾರದ ವಿರುದ್ಧ ಪ್ರತಿಕೂಲ ಸ್ವಾಧೀನಕ್ಕೆ (ಮಾಲೀಕರಿಗೆ ವಿರುದ್ಧವಾಗಿ ಬಹಿರಂಗವಾಗಿ ಅನುಭವಿಸಿಕೊಂಡು ಬಂದು ಹಕ್ಕು ಪಡೆಯುವುದಕ್ಕೆ) 30 ವರ್ಷ ಬೇಕು, ಮತ್ತು ಬಹುತೇಕ ಮೊಕದ್ದಮೆಗಳು ಅಲ್ಲೇ ಮುಗ್ಗರಿಸುತ್ತವೆ. ಪಹಣಿಯ ನಮೂದನ್ನು ತಿದ್ದಿಸುವುದಷ್ಟೇ ನಿಮ್ಮ ಬೇಡಿಕೆಯಾದರೆ, ಭೂಕಂದಾಯ ಕಾಯ್ದೆಯ ಕಲಂ 135 ಸರ್ಕಾರದ ಮೇಲೆ ಅಂಥ ದಾವಾವನ್ನು ತಡೆಯುತ್ತದೆ. ಮ್ಯುಟೇಷನ್ (ಖಾತೆ ಬದಲಾವಣೆ) ಆದೇಶದ ಮೇಲ್ಮನವಿ ಪಾಂಡವಪುರದ ಉಪವಿಭಾಗಾಧಿಕಾರಿಯ ಮುಂದೆ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ನೀರು ಜೌಗಾಗಿ ಭತ್ತ ಹಾಳಾಯಿತು. ಸರ್ಕಾರಿ ವಕೀಲರಿಗೇ ನೋಟಿಸ್ ಕೊಡಬಹುದೇ?
— ಓದುಗರು, ಮದ್ದೂರು

ಉತ್ತರ: ಬೇಡ. ಆ ನಾಲೆ ಕಾವೇರಿ ನೀರಾವರಿ ನಿಗಮದ್ದು. ನಿಗಮ ಒಂದು ಕಂಪನಿ, ಅದಕ್ಕೆ ಬೇರೆ ವಕೀಲರಿರುತ್ತಾರೆ. ನಿಗಮವನ್ನೇ ಪ್ರತಿವಾದಿ ಮಾಡಿ. ಕಾಲುವೆಯೋ ಕೆರೆಯೋ ಸಣ್ಣ ನೀರಾವರಿ ಇಲಾಖೆಯದಾಗಿದ್ದರೆ ಮಾತ್ರ ಪ್ರತಿವಾದಿ ಸರ್ಕಾರ, ಆಗ ಕಲಂ 80 ಬರುತ್ತದೆ.

ಪ್ರಶ್ನೆ: ಅಕ್ಕನ ಮಗನನ್ನು ಮೊಬೈಲ್ ಕಳವಿನ ಪ್ರಕರಣದಲ್ಲಿ ಇಬ್ಬರು ದೊಡ್ಡವರ ಜೊತೆ ಹಿಡಿದಿದ್ದಾರೆ. ಶಾಲೆಯ ದಾಖಲೆಯಲ್ಲಿ ಅವನಿಗೆ 17, ಆಧಾರ್‌ನಲ್ಲಿ 18 ದಾಟಿದೆ. ಬಾಲನ್ಯಾಯ ಮಂಡಳಿಯಲ್ಲಿ ಸರ್ಕಾರಿ ವಕೀಲರು ಶಿಕ್ಷೆ ಕೊಡಿಸುತ್ತಾರೆಯೇ?
— ಓದುಗರು, ಮೈಸೂರು

ಉತ್ತರ: ಮೊದಲು ವಯಸ್ಸು. ಎಣಿಸಬೇಕಾದುದು ಹಿಡಿದ ದಿನಕ್ಕಲ್ಲ, ಘಟನೆ ನಡೆದ ದಿನಕ್ಕೆ. 2015ರ ಬಾಲನ್ಯಾಯ ಕಾಯ್ದೆಯ ಕಲಂ 94ರ ಕ್ರಮ ಹೀಗಿದೆ: ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಶಾಲೆಯ ದಾಖಲಾತಿ ರಿಜಿಸ್ಟರಿನ ದೃಢೀಕೃತ ಪ್ರತಿಯನ್ನು ಇಂದೇ ತನ್ನಿ. ತಿದ್ದಿದ ಗುರುತಿದ್ದರೆ ಸಹಾಯಕ ಸರ್ಕಾರಿ ಅಭಿಯೋಜಕರು (ಕ್ರಿಮಿನಲ್ ಪ್ರಕರಣದಲ್ಲಿ ಸರ್ಕಾರದ ಪರ ವಾದಿಸುವ ವಕೀಲರು) ಖಂಡಿತ ಕೇಳುತ್ತಾರೆ. ಮುಖ್ಯೋಪಾಧ್ಯಾಯರನ್ನು ಸಾಕ್ಷಿಗೆ ಕರೆಸಲು ಸಿದ್ಧರಿರಿ.

ಮಗುವನ್ನು 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಇದು ಯಾರೂ ಮಾಡುವ ಉಪಕಾರವಲ್ಲ, ಕಾನೂನು. ದೊಡ್ಡವರ ಜೊತೆ ಒಂದೇ ವಿಚಾರಣೆಯೂ ಇಲ್ಲ, ಪ್ರಕರಣ ಬೇರ್ಪಡುತ್ತದೆ.

ಕಲಂ 12ರಲ್ಲಿ ಜಾಮೀನೇ ನಿಯಮ. ಅಪರಾಧ ಎಷ್ಟು ದೊಡ್ಡದು ಎಂಬ ಒಂದೇ ಕಾರಣಕ್ಕೆ ನಿರಾಕರಿಸಲಾಗದು. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ, ಅಥವಾ ನ್ಯಾಯದ ಉದ್ದೇಶ ಕೆಡುತ್ತದೆ ಎಂದು ಮಂಡಳಿ ಲಿಖಿತವಾಗಿ ಕಾರಣ ಕೊಡಬೇಕು. ಅಭಿಯೋಜಕರು ಹಿಡಿಯುವುದು ಮೊದಲನೆಯದನ್ನೇ, ಏಕೆಂದರೆ ಜೊತೆಗಿದ್ದವರು ದೊಡ್ಡವರು. ಆದ್ದರಿಂದ ಅವನು ಯಾರ ಮನೆಯಲ್ಲಿರುತ್ತಾನೆ, ಯಾವ ಶಾಲೆಗೆ ಹೋಗುತ್ತಾನೆ, ಸಂಜೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ಅಕ್ಕ ಸಲ್ಲಿಸಲಿ. ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ, ಷರತ್ತು ಬದಲಿಸಲು ಮತ್ತೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರೊಬೇಷನ್ ಅಧಿಕಾರಿ ಮನೆಗೆ ಬಂದಾಗ ನಿಜವನ್ನೇ ಹೇಳಿ. ಮಂಡಳಿ ಹೆಚ್ಚು ಓದುವುದು ಅವರು ಬರೆಯುವ ಸಾಮಾಜಿಕ ತನಿಖಾ ವರದಿಯನ್ನು.

ಬರೀ ಕಳವು, ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಎಂದಿದ್ದರೆ ಗರಿಷ್ಠ ಮೂರು ವರ್ಷ, ಅಂದರೆ ಬಾಲನ್ಯಾಯ ಕಾಯ್ದೆಯಲ್ಲಿ ಸಣ್ಣ ಅಪರಾಧ. ವಿಚಾರಣೆಗೆ ನಾಲ್ಕು ತಿಂಗಳು, ವಿಸ್ತರಿಸಿದರೆ ಇನ್ನೆರಡು. ಅಷ್ಟರಲ್ಲಿ ಮುಗಿಯದಿದ್ದರೆ ವಿಚಾರಣೆ ಕೊನೆಗೊಳ್ಳುತ್ತದೆ. ದರೋಡೆಯ ಕಲಂ ಸೇರಿದ್ದರೆ ಲೆಕ್ಕ ಬದಲಾಗುತ್ತದೆ, ಎಫ್‌ಐಆರ್ ಪ್ರತಿ ಓದಿಸಿ. ತಪ್ಪು ರುಜುವಾತಾದರೂ ಬುದ್ಧಿಮಾತು, ಆಪ್ತ ಸಮಾಲೋಚನೆ, ಸಮುದಾಯ ಸೇವೆಯಂಥ ಆದೇಶಗಳಿವೆ. ಬೇಗ ಮುಗಿಯಲಿ ಎಂದು ಮಾಡದ ತಪ್ಪನ್ನು ಒಪ್ಪಿಕೊಳ್ಳುವಂತೆ ಹುಡುಗನಿಗೆ ದಯವಿಟ್ಟು ಹೇಳಿಕೊಡಬೇಡಿ. ವಕೀಲರ ಶುಲ್ಕ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೆ ಆದಾಯದ ಮಿತಿ ಇಲ್ಲ. ಅವನ ಫೋಟೊ, ಹೆಸರು ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿರಲಿ. ಗುರುತು ಬಯಲು ಮಾಡುವುದು ಕಲಂ 74ರ ಅಪರಾಧ, ಹಂಚಿದವರು ನೆಂಟರಾದರೂ ಅಷ್ಟೇ.

ಪ್ರಶ್ನೆ: ಸರ್ಕಾರದ ವಿರುದ್ಧ ಹಣದ ಡಿಕ್ರಿ ಆಗಿದೆ. ತಕ್ಷಣ ವಸೂಲಿಗೆ ಹಾಕಬಹುದೇ?
— ಓದುಗರು, ಮಂಡ್ಯ

ಉತ್ತರ: ಡಿಕ್ರಿಯ ದಿನದಿಂದ ಮೂರು ತಿಂಗಳು ಕಾಯಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 82. ಈ ನಡುವೆ ದೃಢೀಕೃತ ಪ್ರತಿಯನ್ನು ಸಂಬಂಧಿಸಿದ ಇಲಾಖೆಗೂ ಸರ್ಕಾರಿ ವಕೀಲರ ಕಚೇರಿಗೂ ತಲುಪಿಸಿ. ಮೇಲ್ಮನವಿ ನ್ಯಾಯಾಲಯದಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಬೇಡ ಎಂಬ ಮುಂಗಡ ಅರ್ಜಿ) ಹಾಕಿಡಿ. ಸರ್ಕಾರ ತಡವಾಗಿ, ವಿಳಂಬ ಮನ್ನಿಸುವ ಅರ್ಜಿಯೊಂದಿಗೆ ಬರುವುದು ಸಾಮಾನ್ಯ. ಕೇವಿಯಟ್ 90 ದಿನಕ್ಕೆ ಮುಗಿಯುವುದರಿಂದ ಅದಕ್ಕೆ ಮೊದಲೇ ಹೊಸದು ಸಲ್ಲಿಸಿ.