ಅಮ್ಮನ ಮೂಳೆಗೆ ಚೀನಾದ ಕ್ಯಾಪ್ಸೂಲ್ ಕೊಡಬಹುದಾ?

ಪ್ರಶ್ನೆ: ಅಮ್ಮನಿಗೆ 67 ವರ್ಷ, ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಇದೆ. ಡಾಕ್ಟರು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದಿದ್ದಾರೆ. ತಿಂದ ದಿನ ಎದೆಯುರಿ ಅಂತಾರೆ. ಸಿಂಗಪುರದ ಚಿಕ್ಕಮ್ಮ 'ಶಿಯಾನ್‌ಲಿಂಗ್ ಗುಬಾವ್' ಎಂಬ ಚೀನೀ ಮೂಲಿಕೆ ಕ್ಯಾಪ್ಸೂಲ್ ಕಳಿಸಿ, 'ಆ ಮಾತ್ರೆ ಬಿಡು, ಇದು ಸಾಕು' ಅಂತಿದ್ದಾರೆ. ಕೊಡಬಹುದಾ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಕೊಡಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆಯನ್ನೂ ನಿಲ್ಲಿಸಬೇಡಿ.

ಹಾಗಂತ ಚಿಕ್ಕಮ್ಮನ ಮಾತು ಪೂರ್ತಿ ಸುಳ್ಳೇನಲ್ಲ. ಮೂಳೆಯನ್ನು ಆಳುವುದು ಮೂತ್ರಪಿಂಡ ಅನ್ನುವುದು ಚೀನೀ ವೈದ್ಯರ ಹಳೆಯ ಲೆಕ್ಕ. (ಅವರ ಮೂತ್ರಪಿಂಡ ನಮ್ಮ ಕಿಡ್ನಿ ಟೆಸ್ಟಿಗೆ ಸಿಗುವಂಥದ್ದಲ್ಲ. ಬೆಳವಣಿಗೆ, ಮುಪ್ಪು ಎಲ್ಲ ಅದರ ಕೈಯಲ್ಲೇ!) ಅದಕ್ಕೆ ಬಲ ಕೊಡಲು ಬಳಸುವ ಮೂಲಿಕೆಗಳಲ್ಲಿ ಎಪಿಮೀಡಿಯಂ ಎಲೆ ಮುಖ್ಯ. ಈ ಕ್ಯಾಪ್ಸೂಲಿನಲ್ಲೂ ಅದಿದೆ. ಅದರಲ್ಲಿರುವ ಐಕಾರಿನ್ ಎಂಬ ಅಂಶ ಸ್ವಲ್ಪಮಟ್ಟಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಥರ ಕೆಲಸ ಮಾಡುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಕರಗುವುದು ಜಾಸ್ತಿಯಾಗುತ್ತದಲ್ಲ, ಅಲ್ಲಿ ಇದು ನೆರವಾಗಬಹುದು. 2007ರಲ್ಲಿ ಹಾಂಗ್‌ಕಾಂಗ್ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 100 ಮಹಿಳೆಯರು, ಎರಡು ವರ್ಷ, ಎಲ್ಲರಿಗೂ ಕ್ಯಾಲ್ಸಿಯಂ. ಜೊತೆಗೆ ಎಪಿಮೀಡಿಯಂ ಸಾರ ತಿಂದವರ ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಶೇ. 1.3 ಏರಿತು, ಉಳಿದವರದು ಶೇ. 2.4 ಇಳಿಯಿತು. ಚೆನ್ನಾಗೇ ಇದೆ, ಅಲ್ವಾ?

ಆದರೆ ನಮಗೆ ಬೇಕಿರುವುದು ಸ್ಕ್ಯಾನಿನ ಅಂಕಿಯಲ್ಲ. ಅಮ್ಮ ಜಾರಿ ಬಿದ್ದರೆ ಸೊಂಟ ಮುರಿಯಬಾರದು, ಅಷ್ಟೇ. ನೂರು ಜನರ ಅಧ್ಯಯನದಿಂದ ಅದು ಗೊತ್ತಾಗುವುದಿಲ್ಲ. 2014ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗಿಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಮೂಳೆ ಸವೆತಕ್ಕೆ ಚೀನೀ ಮೂಲಿಕೆ ಕೊಟ್ಟ 108 ಪ್ರಯೋಗಗಳನ್ನು ಜಾಲಾಡಿದರು. ಹೆಚ್ಚಿನವು ಸರಿಯಾಗಿ ನಡೆದಿರಲಿಲ್ಲ, ಗಟ್ಟಿಯಾಗಿ ಏನೂ ಹೇಳಲಾಗದು ಎಂದರು. ಅಲೆಂಡ್ರೊನೇಟ್ ಹಾಗಲ್ಲ, ಆಗಲೇ ಬೆನ್ನುಮೂಳೆ ಮುರಿದಿದ್ದ ಮಹಿಳೆಯರಲ್ಲಿ ಸೊಂಟದ ಮುರಿತವನ್ನು ಸುಮಾರು ಅರ್ಧಕ್ಕೆ ಇಳಿಸಿದೆ.

ನನಗೆ ಹೆದರಿಕೆ ಇರುವುದು ಇದೇ ಕ್ಯಾಪ್ಸೂಲಿನ ಇನ್ನೊಂದು ಮೂಲಿಕೆಯ ಬಗ್ಗೆ. ಅದು ನಮ್ಮ ಬಾವಂಚಿ. ತೊನ್ನಿಗೆ ನಮ್ಮ ಆಯುರ್ವೇದದವರೂ ಬಳಸುತ್ತಾರೆ. ಹೊಟ್ಟೆಗೆ ತೆಗೆದುಕೊಂಡ ಕೆಲವರಲ್ಲಿ ಲಿವರ್ ಕೆಟ್ಟಿದೆ. ಈ ಕ್ಯಾಪ್ಸೂಲಿನ ಬಗ್ಗೆ 2016ರಲ್ಲಿ ಚೀನಾ ಸರ್ಕಾರದ ಔಷಧ ನಿಯಂತ್ರಕರೇ ಲಿವರ್ ಎಚ್ಚರಿಕೆ ಕೊಟ್ಟಿದ್ದಾರೆ. ಅಮ್ಮ ಆಗಲೇ ಶುರು ಮಾಡಿದ್ದರೆ ನಿಲ್ಲಿಸಿ, ಒಂದು ಲಿವರ್ ಟೆಸ್ಟ್ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಎದೆಯುರಿ. ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಕಾಫಿ ಜೊತೆ ಬೇಡ. ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಸುಮಾರು ಜನ ಇಲ್ಲೇ ಎಡವುತ್ತಾರೆ. ಹೀಗೆ ಮಾಡಿದರೂ, ಅಥವಾ ಈಗಾಗಲೇ ಹೀಗೇ ಮಾಡುತ್ತಿದ್ದರೂ ಉರಿ ಇದ್ದರೆ ಮುಂದಿನ ಮಾತ್ರೆಗೆ ಮೊದಲೇ ಡಾಕ್ಟರಿಗೆ ಹೇಳಿ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಎಂಬ ಮೂಳೆ ಔಷಧ ಇದೆ. ಕಿಡ್ನಿ, ಕ್ಯಾಲ್ಸಿಯಂ ನೋಡಿ ಅದನ್ನು ಕೊಡಬಹುದಾ ಎಂದು ಅವರು ತೀರ್ಮಾನಿಸುತ್ತಾರೆ.