ತೋಟಕ್ಕೆ ಬಂದವರ ಗುರುತು ಯಾರ ಕೈಯಲ್ಲಿರಬೇಕು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಕಾಫಿ ತೋಟಗಳಿಗೆ ದುಡಿಯಲು ಬಂದ ಅಸ್ಸಾಂ ಕಾರ್ಮಿಕರ ಹಕ್ಕುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಬೆಳೆಗಾರರ ಕಷ್ಟವನ್ನು ಬರೆಯುವವರು ಯಾರು? ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತೋಟದಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುವವರು ಅಸ್ಸಾಮಿನವರೋ ಬಾಂಗ್ಲಾದವರೋ ದೇವರೇ ಬಲ್ಲ. ಸಂತೆಯ ದಿನ ಪೇಟೆಗೆ ಹೋದರೆ ನಮ್ಮೂರಿನವರಿಗಿಂತ ಅವರೇ ಹೆಚ್ಚು ಕಾಣುತ್ತಾರೆ. ಎಲ್ಲರನ್ನೂ ವಾಪಸು ಕಳುಹಿಸಿ ಎಂದು ಬರೆಯುವ ಧೈರ್ಯ ನಿಮಗಿದೆಯೇ?"
(ಕೊಡಗಿನ ಸುಂಟಿಕೊಪ್ಪ ಸಮೀಪದ ಬೆಳೆಗಾರರು, ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ,

ಎಲ್ಲರನ್ನೂ ಕಳುಹಿಸಿ ಎಂದು ನಾನು ಬರೆಯುವುದಿಲ್ಲ. ಆದರೆ ನಿಮ್ಮ ಲೈನ್ ಮನೆಯಲ್ಲಿ ಯಾರಿದ್ದಾರೆಂದು ತಿಳಿಯುವ ಹಕ್ಕು ನಿಮಗಿದೆ. ಅದನ್ನು ಕೇಳಿದ್ದಕ್ಕೆ ನಿಮ್ಮನ್ನು ಯಾರೂ ಹೀಗಳೆಯಬಾರದು. ಗಂಡ ಹೆಂಡತಿ ಇಬ್ಬರೇ ಇರುವ ಒಂಟಿಮನೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಕೊಡಗಿನಲ್ಲಿ ಬಾಳುವವರಿಗೆ ಈ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ. ನನ್ನ ವಾದ ಇಷ್ಟೇ: ಬಂದವರು ಯಾರೆಂಬ ನಿಮ್ಮ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗಬೇಕಾದರೆ ಮೊದಲು ಅವರಿಗೆ ಹಕ್ಕುಗಳು ಸಿಗಬೇಕು.

ಯಾಕೆಂದು ಹೇಳುತ್ತೇನೆ. ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಸಂಜೆ ತೂಕದ ಹೊತ್ತಿಗೆ ಒಂದು ತೋಟದ ಕಣದಲ್ಲಿ ನಿಂತಿದ್ದೆ. ಒಬ್ಬೊಬ್ಬರಾಗಿ ಹಣ್ಣಿನ ಚೀಲ ತಂದಿಡುತ್ತಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಕಿಲೋ ಕೂಗುತ್ತಿದ್ದರು, ಅವರನ್ನು ಕೆಲಸಕ್ಕೆ ಕರೆತಂದ ಮೇಸ್ತ್ರಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಕೊಯ್ದವರ ಬಳಿ ಒಂದು ಚೀಟಿಯೂ ಇರಲಿಲ್ಲ. ಒಬ್ಬ ಹುಡುಗಿ ಅಂದಿನ ಲೆಕ್ಕವನ್ನು ಬಾಲ್‌ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡಳು. ಹಣ್ಣಿನ ಅಂಟು, ಬೆವರು, ಮಣ್ಣು ಎಲ್ಲ ಮೆತ್ತಿದ್ದ ಅಂಗೈಯಲ್ಲಿ ಅಂಕಿ ಮೂಡಲಿಲ್ಲ. ಮತ್ತೆ ಮತ್ತೆ ತೀಡಿದಳು. ಆಧಾರ್ ಎಲ್ಲಿ ಎಂದು ಕೇಳಿದರೆ ಎಲ್ಲರೂ ಮೇಸ್ತ್ರಿಯತ್ತ ನೋಡಿದರು. ಅವನ ಬಳಿ ರಬ್ಬರ್‌ಬ್ಯಾಂಡ್ ಸುತ್ತಿದ ಕಾರ್ಡುಗಳ ಒಂದು ಕಟ್ಟೇ ಇತ್ತು. ಕೊಟ್ಟ ಮುಂಗಡ ತೀರುವವರೆಗೆ ಅದು ಅವನಲ್ಲೇ ಇರುತ್ತದೆಯಂತೆ.

ಈಗ ಹೇಳಿ, ನಿಮ್ಮ ತೋಟದಲ್ಲಿ ಯಾರಿದ್ದಾರೆಂದು ಬಲ್ಲವರು ಯಾರು? ಗುರುತು, ಸಂಬಳದ ಲೆಕ್ಕ, ಸಾಲ ಮೂರೂ ಒಬ್ಬನ ಜೇಬಿನಲ್ಲಿವೆ. ನಾಳೆ ಏನಾದರೂ ಅನಾಹುತವಾದರೆ ಪೊಲೀಸರೂ ಅವನನ್ನೇ ಕೇಳಬೇಕು, ನೀವೂ ಅವನನ್ನೇ ನಂಬಬೇಕು. ಮುಂಗಡ ಕೊಟ್ಟು, ತೀರುವವರೆಗೆ ಬಿಟ್ಟುಹೋಗದಂತೆ ಹಿಡಿದಿಟ್ಟುಕೊಳ್ಳುವುದು ಜೀತವೆಂದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುತ್ತದೆ. ಇದು ನಮ್ಮ ಜಿಲ್ಲೆಗೆ ಹೊಸತೇನಲ್ಲ. ಇಲ್ಲಿನ ಆದಿವಾಸಿಗಳಾದ ಯರವರು ತಲೆಮಾರುಗಳ ಕಾಲ ಹೀಗೆಯೇ ದುಡಿದರು.

ಬಾಂಗ್ಲಾದ ಮಾತಿಗೆ ಬರುತ್ತೇನೆ. ಗಡಿ ದಾಟಿ ಅಕ್ರಮವಾಗಿ ಬಂದವರಿದ್ದರೆ ಅದನ್ನು ವಿಚಾರಿಸಲು ಕಾನೂನಿದೆ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಆ ವಿಚಾರಣೆ ನಡೆಯಲಿ. ಆದರೆ ಬಂಗಾಳಿ ಮಾತಾಡಿದ, ಲುಂಗಿ ಉಟ್ಟ, ಹೆಸರು ಇಂಥದು ಎಂಬ ಕಾರಣಕ್ಕೆ ಊರೇ ತೀರ್ಪು ಕೊಡುವಂತಿಲ್ಲ. ಆಧಾರ್ ತೋರಿಸಿದ್ದಕ್ಕೆ ಪೌರತ್ವ ಸಿದ್ಧವಾಗುವುದಿಲ್ಲ, ತೋರಿಸದಿದ್ದರೆ ಅಸಿದ್ಧವಾಗುವುದೂ ಇಲ್ಲ. ಅದು ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಸ್ವತಃ ಅಸ್ಸಾಮಿನಲ್ಲಿ ಸುಮಾರು 3.3 ಕೋಟಿ ಜನರ ಕಾಗದಗಳನ್ನು ವರ್ಷಗಟ್ಟಲೆ ಜಾಲಾಡಿ 2019ರ ಆಗಸ್ಟ್ 31ರಂದು ಪೌರತ್ವ ನೋಂದಣಿ ಪಟ್ಟಿ ಪ್ರಕಟಿಸಿದರು. 19,06,657 ಜನ ಹೊರಗುಳಿದರು. ಹೊರಗುಳಿದವರು ಕೂಡ ವಿದೇಶಿಯರೆಂದು ಆಗಲಿಲ್ಲ. ಅದನ್ನು ವಿದೇಶಿಯರ ನ್ಯಾಯಮಂಡಳಿ ಹೇಳಬೇಕು. ಅಷ್ಟು ದೊಡ್ಡ ಯಂತ್ರಕ್ಕೇ ಬಗೆಹರಿಯದ ಪ್ರಶ್ನೆಯನ್ನು ಸಂತೆಪೇಟೆಯಲ್ಲಿ ಮುಖ ನೋಡಿ ಬಗೆಹರಿಸಲು ಸಾಧ್ಯವೇ?

ಅವಸರದ ತೀರ್ಪು ಯಾವ ಗತಿ ತರುತ್ತದೆಂಬುದನ್ನು ಕಂಡಿದ್ದೇವೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದೂಡಿದರು. ಕಲ್ಕತ್ತಾ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು, ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಡಿಸೆಂಬರ್‌ನಲ್ಲಿ ಅವರನ್ನು ಮರಳಿ ಕರೆತರಬೇಕಾಯಿತು. ಬಸುರಿ ಹೆಂಗಸು ಅಷ್ಟು ತಿಂಗಳು ಪರದೇಶದಲ್ಲಿ ಕಳೆದದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಕಾಗದವಿಲ್ಲದವರೆಲ್ಲ ಪರದೇಶಿಗಳು ಎನ್ನುವವರು ನಮ್ಮ ಜಿಲ್ಲೆಯ ದಿಡ್ಡಳ್ಳಿಯನ್ನು ನೆನಪಿಸಿಕೊಳ್ಳಲಿ. ಲೈನ್ ಮನೆಗಳನ್ನು ಬಿಟ್ಟು ಬಂದು ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಯರವರು, ಜೇನುಕುರುಬರು 2016ರ ಡಿಸೆಂಬರ್‌ನಲ್ಲಿ ಗುಡಿಸಲುಗಳನ್ನು ಕೆಡವಿದ್ದರಿಂದ ಬೀದಿಗೆ ಬಿದ್ದರು. ಈ ಕಾಡಿನ ಮಕ್ಕಳಿಗಿಂತ ಕೊಡಗಿನವರು ಇನ್ನಾರಿದ್ದಾರೆ? ಆದರೂ ಎಷ್ಟೋ ಮಂದಿಯ ಬಳಿ ರೇಷನ್ ಕಾರ್ಡ್ ಇರಲಿಲ್ಲ, ಸ್ವಂತದ್ದೆನ್ನುವ ವಿಳಾಸವಿರಲಿಲ್ಲ. ತೋಟದ ಮಾಲೀಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ವಿಳಾಸ ಎಲ್ಲಿಂದ ಬರಬೇಕು? ಅವರು ಜಾಗ ಬಿಟ್ಟು ಕದಲದೆ ಕುಳಿತರು. ನಾಡಿನ ಬೇರೆ ಬೇರೆ ಕಡೆಯವರು ಬಂದು ದನಿಗೂಡಿಸಿದರು. ಕೊನೆಗೆ ಸರಕಾರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಕಲ್ಪಿಸಿತು. ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಕುಳಿತು ಕೇಳಿದ್ದರಿಂದ ಅಷ್ಟಾದರೂ ಆಯಿತು.

ಅಸ್ಸಾಮಿನವರು ಹಾಗೆ ಕೂರಲಾರರು. ಅವರಿಗೆ ಇಲ್ಲಿ ಮತವಿಲ್ಲ, ಭಾಷೆ ಬಾರದು, ಒಂದು ದಿನ ಕೆಲಸ ಬಿಟ್ಟರೆ ಅಂದಿನ ಕೂಲಿ ಇಲ್ಲ. ಆದ್ದರಿಂದಲೇ ಇದು ಇಲ್ಲಿನವರಾದ ನಮ್ಮ ಕೆಲಸ. ದನಿ ಎತ್ತಿದರೆ ಸರಕಾರ ಮಣಿಯುತ್ತದೆ. ಕೊರೊನಾ ಲಾಕ್‌ಡೌನ್ ನಡುವೆ, 2020ರ ಮೇ ತಿಂಗಳಲ್ಲಿ, ಕಟ್ಟಡ ನಿರ್ಮಾಣ ಉದ್ಯಮದವರೊಂದಿಗೆ ಸಭೆ ನಡೆಸಿದ ಬೆನ್ನಿಗೆ ನಮ್ಮ ರಾಜ್ಯ ಸರಕಾರ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳನ್ನು ನಿಲ್ಲಿಸಿತ್ತು. ಎಲ್ಲೆಡೆಯಿಂದ ಆಕ್ಷೇಪ ಬಂದಾಗ ಕೆಲವೇ ದಿನಗಳಲ್ಲಿ ತೀರ್ಮಾನ ಬದಲಿಸಿತು.

ಹಾಗಾದರೆ ಏನನ್ನು ಕೇಳಬೇಕು? 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಒಳ್ಳೆಯದೊಂದು ವ್ಯವಸ್ಥೆ ಮಾಡಿತ್ತು. ಕರೆತರುವ ಗುತ್ತಿಗೆದಾರನಿಗೆ ಪರವಾನಗಿ ಇರಬೇಕು, ಪ್ರತಿ ಕಾರ್ಮಿಕನಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿಯ ದರ, ಮಾಡಿದ ಕಡಿತ ಎಲ್ಲ ಇರಬೇಕು. ಈ ತೋಟಗಳಲ್ಲಿ ಅಂಥ ಪಾಸ್‌ಬುಕ್ಕನ್ನು ನಾನು ಒಮ್ಮೆಯೂ ಕಂಡಿಲ್ಲ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಜಾರಿಗೆ ಬಂದಿದೆ. ಸ್ವಂತವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಅದು ಎಣಿಸುತ್ತದೆ, ಊರಿಗೆ ಹೋಗಿ ಬರುವ ಖರ್ಚನ್ನೂ ಒಪ್ಪುತ್ತದೆ. ಅಷ್ಟು ಸ್ವಾಗತವೇ. ಆದರೆ ಮೊದಲು ಐದು ಜನ ವಲಸೆ ಕಾರ್ಮಿಕರಿದ್ದರೆ ಕಾಯ್ದೆ ಅನ್ವಯಿಸುತ್ತಿತ್ತು. ಈಗ ಹತ್ತು ಜನ ಬೇಕು. ಕೊಡಗಿನಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು. ಒಂದು ತೋಟದಲ್ಲಿ ನಾಲ್ಕು, ಇನ್ನೊಂದರಲ್ಲಿ ಏಳು ಜನ ಇರುತ್ತಾರೆ. ನಿಮ್ಮಂಥವರ ತೋಟ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಬೆಳೆಗಾರರ ಸಂಘಗಳು ಮೊದಲು ಎತ್ತಬೇಕಾದ ಮಾತು ಇದು: ಸಂಖ್ಯೆ ಎಷ್ಟೇ ಇರಲಿ, ಬಂದ ವಾರದೊಳಗೆ ಗ್ರಾಮ ಪಂಚಾಯಿತಿಯಲ್ಲಿ ಹೆಸರು ದಾಖಲಾಗಲಿ, ಕೈಗೊಂದು ಪುಸ್ತಕ ಸಿಗಲಿ, ಅದು ಕಾರ್ಮಿಕನ ಬಳಿಯೇ ಇರಲಿ.

ಈ ದಾಖಲಾತಿಯನ್ನು ಠಾಣೆಯಲ್ಲಿ ಮಾಡಬೇಕೆಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಠಾಣೆಗೆ ಕರೆದರೆ ಅಮಾಯಕನೂ ರಾತ್ರೋರಾತ್ರಿ ಇನ್ನೊಂದು ತೋಟಕ್ಕೆ ಹೋಗುತ್ತಾನೆ, ಮೇಸ್ತ್ರಿಯ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಹೆಸರು ಬರೆಸಿದರೆ ತನ್ನ ಊರಿನ ಕಾರ್ಡಿನ ಮೇಲೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯುವ ದಾರಿ ತಿಳಿಯುತ್ತದೆ, ಮಗುವಿಗೆ ಅಂಗನವಾಡಿ ಸಿಗುತ್ತದೆ ಎಂದಾದರೆ ತಾನಾಗಿಯೇ ಬಂದು ಸಾಲಿನಲ್ಲಿ ನಿಲ್ಲುತ್ತಾನೆ. ಜನನ ಪತ್ರವಿಲ್ಲವೆಂದು ಮಗುವನ್ನು ಶಾಲೆಗೆ ಸೇರಿಸದೆ ಹಿಂದಕ್ಕೆ ಕಳುಹಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. ಇದನ್ನು ಲೈನ್ ಮನೆಯವರಿಗೆ ತಿಳಿಸಿದವರು ಯಾರು?

ಇನ್ನು ವಾಪಸು ಕಳುಹಿಸುವ ಮಾತು. ಈ ದೇಶದ ಪ್ರಜೆ ಎಲ್ಲಿ ಬೇಕಾದರೂ ಹೋಗಿ ನೆಲೆಸಬಹುದೆಂದು ಸಂವಿಧಾನದ 19ನೇ ವಿಧಿ ಹೇಳುತ್ತದೆ. ಬೆಂಗಳೂರಿನಲ್ಲಿರುವ ನಿಮ್ಮ ಮಕ್ಕಳು ಇನ್ನೊಂದು ರಾಜ್ಯಕ್ಕೆ ಹೋದರೂ ಅವರನ್ನು ಕಾಯುವುದು ಅದೇ ವಿಧಿ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಕೊಯ್ಲು ಮುಗಿಯಬೇಕಾದ ಈ ಜಿಲ್ಲೆಯಲ್ಲಿ ಅಸ್ಸಾಮಿನವರೆಲ್ಲ ಹೊರಟರೆ ಏನಾಗುತ್ತದೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಿಮ್ಮಲ್ಲಿ ನನ್ನ ಕೋರಿಕೆ ಕೆಲವು. ನಿಮ್ಮ ತೋಟದಲ್ಲಿ ಕಾರ್ಡುಗಳು ಮೇಸ್ತ್ರಿಯ ಬಳಿ ಇದ್ದರೆ ಈ ವಾರವೇ ನಿಮ್ಮ ಎದುರಿನಲ್ಲಿ ಆಯಾ ಜನರ ಕೈಗೆ ಕೊಡಿಸಿ. ಕೂಲಿಯನ್ನು ಕೂಡ ಅವರವರ ಕೈಗೇ ಕೊಟ್ಟು, ಕೊಯ್ದ ಕಿಲೋ ಬರೆದ ಚೀಟಿಯನ್ನು ಅವರಿಗೂ ಒಂದು ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ದಾಖಲಾತಿಯ ವಿಷಯವನ್ನು ನೀವೇ ಎತ್ತಿ. ಬೆಳೆಗಾರರೇ ಕೇಳಿದರೆ ಪಂಚಾಯಿತಿ ತಳ್ಳಿಹಾಕಲಾರದು. ಅಲ್ಲಿ ಏನು ಮಾತಾಯಿತು, ಯಾರು ಒಪ್ಪಿದರು, ಯಾರು ವಿರೋಧಿಸಿದರು ಎಂಬುದನ್ನು ಬರೆದು ಕಳುಹಿಸಿ. ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಅದನ್ನು ಹಾಗೆಯೇ ಪ್ರಕಟಿಸುತ್ತೇನೆ.