ನಾರ್ಫೋಕ್ ಪೈನ್ ಕೇಳಿದರೆ ಥೂಜಾ ತೋರಿಸುತ್ತಿದ್ದಾರೆ

ಕ್ರಿಸ್‌ಮಸ್‌ಗೆ ಅಲಂಕರಿಸಲು ಅರಾಕೇರಿಯಾ ಬಳಗದ ನಾರ್ಫೋಕ್ ಐಲ್ಯಾಂಡ್ ಪೈನ್ ಗಿಡ ಕೇಳಿದರೆ ಬೆಂಗಳೂರಿನ ನರ್ಸರಿಗಳಲ್ಲಿ ಥೂಜಾ ತೋರಿಸುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇಲ್ಲಿನ ನರ್ಸರಿಗಳಲ್ಲಿ ಥೂಜಾ, ಗೋಲ್ಡನ್ ಸೈಪ್ರಸ್, ಅರಾಕೇರಿಯಾ ಎಂಬ ಮೂರು ಬೇರೆ ಬೇರೆ ಗಿಡಗಳನ್ನೂ ‘ಕ್ರಿಸ್‌ಮಸ್ ಟ್ರೀ’ ಎಂದೇ ಮಾರುವುದರಿಂದ, ನಿಮಗೆ ಎಲ್ಲೆಡೆ ಥೂಜಾ ತೋರಿಸಿರಬೇಕು. ಮೊದಲು ‘ಅರಾಕೇರಿಯಾ’ ಎಂಬ ಹೆಸರಿನಿಂದಲೇ ವಿಚಾರಿಸಿ, ಗಿಡದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡ ಬಳಿಕವೇ ಹೊರಡಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ಹಲವು ನರ್ಸರಿಗಳು ಒಟ್ಟಿಗೇ ಇರುವುದರಿಂದ ಅಲ್ಲಿಂದ ಆರಂಭಿಸುವುದು ಅನುಕೂಲ.

ಗಿಡ ಆರಿಸುವಾಗ ಮುಖ್ಯವಾಗಿ ನೋಡಬೇಕಾದದ್ದು ತುದಿಯ ಕುಡಿ. ನೆಟ್ಟಗಿನ ನಡುಕಾಂಡದ ಸುತ್ತ ರೆಂಬೆಗಳು ಛತ್ರಿಯ ಕಡ್ಡಿಗಳಂತೆ ಅಂತಸ್ತು ಅಂತಸ್ತಾಗಿ ಹರಡಿರಬೇಕು. ಕುಡಿ ಮುರಿದಿದ್ದರೆ ಆ ಆಕಾರ ಕೆಡುತ್ತದೆ, ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಪಕ್ಕದ ರೆಂಬೆಯಿಂದ ಮಾಡಿದ ಗಿಡ ಮೇಲೇರದೆ ಅಡ್ಡಡ್ಡವಾಗಿಯೇ ಚಾಚುವುದರಿಂದ, ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಆದರೂ ಅದು ನಾರ್ಫೋಕ್ ಪೈನೇ ಎಂದು ಖಾತ್ರಿಯಾಗಿ ಹೇಳಲಾಗದು, ಏಕೆಂದರೆ ಅದೇ ಹೆಸರಿನಲ್ಲಿ ಕುಕ್ ಪೈನ್ ಎಂಬ ಇನ್ನೊಂದು ಬಗೆಯ ಅರಾಕೇರಿಯಾ ಕೂಡ ಮಾರಾಟವಾಗುತ್ತದೆ ಮತ್ತು ಎಳೆಯ ಗಿಡಗಳಲ್ಲಿ ಇವೆರಡನ್ನು ಬೇರ್ಪಡಿಸುವುದು ತಿಳಿದವರಿಗೂ ಕಷ್ಟ. ಕುಂಡದಲ್ಲಿಟ್ಟು ಅಲಂಕರಿಸುವುದಷ್ಟೇ ಉದ್ದೇಶವಾದರೆ ಯಾವುದಾದರೂ ನಡೆಯುತ್ತದೆ.

ಮನೆಗೆ ತಂದ ಮೇಲೆ ಚೆನ್ನಾಗಿ ಬೆಳಕು ಬರುವ ಕಿಟಕಿಯ ಬಳಿ ಇರಿಸಿ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ಎಳೆಯ ರೆಂಬೆಗಳು ಬಾಗುವುದರಿಂದ ಭಾರದ ಗಾಜಿನ ಗುಂಡುಗಳನ್ನು ಬಿಟ್ಟು, ಕಾಗದದ ನಕ್ಷತ್ರ ಮತ್ತು ಎಲ್‌ಇಡಿ ಸರವನ್ನಷ್ಟೇ ಕಟ್ಟಿ.